ತಗ್ಗಿಸಿದ ಜಿಆರ್86, ಗರ್ರ್ ಅನ್ನುವ ಟೈರ್: ಪಾನಾ ಎಲ್ಲಿ ಹಾಕಬೇಕು?

ಪ್ರಶ್ನೆ (ಟೆಕ್ಸಾಸ್‌ನ ಆಸ್ಟಿನ್‌ನಿಂದ)

ನಮಸ್ಕಾರ ಸರ್. ನೀವು ಶಾರ್ಜಾದ ಗ್ಯಾರೇಜಿನಲ್ಲಿ ಒಂಬತ್ತು ವರ್ಷ ಸಸ್ಪೆನ್ಷನ್ ಕೆಲಸ ಮಾಡಿದ್ದೀರಿ, ಈಗ ಉಡುಪಿಯಲ್ಲಿ ಸ್ವಂತ ಅಲೈನ್‌ಮೆಂಟ್ ಅಂಗಡಿ ಇಟ್ಟಿದ್ದೀರಿ ಅಂತ ಗ್ರೂಪಿನಲ್ಲಿ ಹೇಳಿದರು. ಅದಕ್ಕೇ ಕೇಳುತ್ತಿದ್ದೇನೆ.

ನನ್ನದು 2023ರ ಟೊಯೋಟಾ ಜಿಆರ್86. ಮೂರು ತಿಂಗಳ ಹಿಂದೆ ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಹಾಕಿಸಿ ಸುಮಾರು 30 ಮಿ.ಮೀ. ತಗ್ಗಿಸಿದೆ. ರಿಮ್ಮೂ ಬದಲಾಯಿಸಿದೆ: 18 ಇಂಚು, ಅಗಲ 9.5, ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಬೋಲ್ಟ್ ಕೂರುವ ಮುಖ ಎಷ್ಟು ಮಿ.ಮೀ. ಹೊರಗಿದೆ ಅನ್ನುವ ಲೆಕ್ಕ) +38. ಟೈರ್ 245/40 ಆರ್18. ಕಂಪನಿಯಿಂದ ಬಂದಿದ್ದು 7.5 ಅಗಲದ ರಿಮ್, ಆಫ್‌ಸೆಟ್ +48, ಟೈರ್ 215/40 ಆರ್18.

ಈಗ ಎರಡು ಕಡೆ ಉಜ್ಜುತ್ತಿದೆ. ಪಾರ್ಕಿಂಗ್‌ನಿಂದ ರಿವರ್ಸ್ ತೆಗೆಯುವಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮುಂದೆ 'ಚರ್ರ್' ಅನ್ನುತ್ತದೆ. ಹಿಂದಿನದು ಇನ್ನೂ ಕೆಟ್ಟದು. ಕಳೆದ ವಾರ ಅಮ್ಮನನ್ನು ಏರ್‌ಪೋರ್ಟಿನಿಂದ ಕರೆದುಕೊಂಡು ಬಂದೆ. 23 ಕೆಜಿಯ ಎರಡು ಸೂಟ್‌ಕೇಸ್ ಹಿಂದೆ. ರಸ್ತೆಯಲ್ಲಿ ಸ್ವಲ್ಪ ತಗ್ಗು ಸಿಕ್ಕಿದಾಗಲೆಲ್ಲ ಗರ್ರ್. ಅಮ್ಮ 'ಹೊಸ ಕಾರು ಅಂದೆಯಲ್ಲೋ' ಅಂದರು.

ಹಾಕಿಕೊಟ್ಟ ಅಂಗಡಿಯವರು 'ತಗ್ಗಿಸಿದ ಮೇಲೆ ಇದೆಲ್ಲ ಮಾಮೂಲು' ಅಂದುಬಿಟ್ಟರು. ಶಾಕ್‌ನ ಕ್ಲಿಕ್ (ಗಟ್ಟಿ-ಮೆತ್ತಗೆ ಮಾಡುವ ತಿರುಪು) ಪೂರ್ತಿ ಗಟ್ಟಿ ಮಾಡಿದೆ, ಸೊಂಟ ನೋವು ಬಂತು ಅಷ್ಟೇ. ಪೂರ್ತಿ ಎತ್ತಿಬಿಡಲಾ? ಕ್ಯಾಂಬರ್ (ಚಕ್ರದ ತಲೆ ಒಳಗೆ ವಾಲಿಸುವುದು) ಕೊಡಲಾ? ಜಾಕ್, ಎರಡು ಸ್ಟ್ಯಾಂಡ್, ಟಾರ್ಕ್ ರೆಂಚ್ ಇವೆ.

ಉತ್ತರ

ನಮಸ್ಕಾರ ಮಾರಾಯ್ರೆ. ಮೊದಲು ಪಾನಾ ಕೆಳಗಿಡಿ. ಎಲ್ಲಿ ಉಜ್ಜಿದೆ ಅಂತ ಕಣ್ಣಾರೆ ನೋಡದೆ ಏನೂ ತಿರುಗಿಸಬೇಡಿ. ಶಬ್ದ ಕೇಳಿ ರಿಪೇರಿ ಮಾಡಿದವರು ನನ್ನ ಹತ್ತಿರ ಎರಡನೇ ಸಲ ಬರುತ್ತಾರೆ.

ಕ್ಲಿಕ್ ವಿಷಯ ಮೊದಲು ಮುಗಿಸಿಬಿಡೋಣ. ಕ್ಲಿಕ್ ಗಟ್ಟಿ ಮಾಡಿದರೆ ಸ್ಪ್ರಿಂಗ್ ಎಷ್ಟು ಬೇಗ ಕುಗ್ಗುತ್ತದೆ ಅನ್ನುವುದು ಬದಲಾಗುತ್ತದೆ, ಎಷ್ಟು ಕುಗ್ಗುತ್ತದೆ ಅನ್ನುವುದಲ್ಲ. 46 ಕೆಜಿ ಲಗೇಜು ಹಿಂದೆ ಕೂತರೆ ಗಾಡಿ ಕೂತೇ ಕೂರುತ್ತದೆ. ಮೊದಲಿದ್ದ ಕ್ಲಿಕ್ಕಿಗೇ ವಾಪಸ್ ತನ್ನಿ.

ಇನ್ನು ನಿಮ್ಮ ಲೆಕ್ಕ. 2 ಇಂಚು ಅಗಲ ಜಾಸ್ತಿ ಅಂದರೆ ಒಳಗೆ 25.4, ಹೊರಗೆ 25.4 ಮಿ.ಮೀ. ಆಫ್‌ಸೆಟ್ 10 ಕಡಿಮೆ ಆಗಿದ್ದರಿಂದ ಇಡೀ ಚಕ್ರ 10 ಮಿ.ಮೀ. ಹೊರಗೆ ಸರಿದಿದೆ. ಒಟ್ಟು ಹೊರಗೆ 35, ಒಳಗೆ 15. ಇದು ನಿಮಗೆ ಗೊತ್ತಿದ್ದೇ ಹಾಕಿಸಿದ್ದು, ಬಿಡಿ.

ಗೊತ್ತಿಲ್ಲದೆ ಆಗಿರುವುದು ಎತ್ತರ. ಸೈಜಿನಲ್ಲಿರುವ '40' ಮಿಲಿಮೀಟರ್ ಅಲ್ಲ, ಅಗಲದ ಶೇಕಡಾ 40. 215ರ 40 ಅಂದರೆ 86 ಮಿ.ಮೀ. ಗೋಡೆ. 245ರ 40 ಅಂದರೆ 98. ರಿಮ್ಮಿನ ಸುತ್ತ ಟೈರ್ 12 ಮಿ.ಮೀ. ಎತ್ತರ ಆಗಿದೆ. ಅತ್ತ ಗಾಡಿ 30 ಇಳಿಸಿದಿರಿ, ಇತ್ತ ಟೈರ್ 12 ಏರಿಸಿದಿರಿ. ಫೆಂಡರ್ (ಚಕ್ರದ ಮೇಲಿನ ಬಾಡಿ ತಗಡು) ಎಲ್ಲಿಗೆ ಹೋಗಬೇಕು ಪಾಪ? 245/35 ಆರ್18 ಹಾಕಿದ್ದರೆ ಒಟ್ಟು ವ್ಯಾಸ 629 ಮಿ.ಮೀ. ಹತ್ತಿರ, ಕಂಪನಿ ಟೈರ್‌ನಷ್ಟೇ. ಈಗಿನದು 653. ಸ್ಪೀಡೋಮೀಟರ್ ಕೂಡ ಸುಮಾರು ಶೇ. 4 ಕಡಿಮೆ ತೋರಿಸುತ್ತಿರುತ್ತದೆ, ಪೊಲೀಸರ ಹತ್ತಿರ ಈ ಲೆಕ್ಕ ನಡೆಯುವುದಿಲ್ಲ.

ನಾಲ್ಕು ಕೆಲಸ ಮಾಡಿ ಫೋಟೋ ಹಾಕಿ. ಒಂದು, ರಂಗೋಲಿ ಪುಡಿ ನೀರಿನಲ್ಲಿ ಕಲಸಿ ಫೆಂಡರ್‌ನ ಒಳ ಅಂಚಿಗೂ ಪ್ಲಾಸ್ಟಿಕ್ ಲೈನರ್‌ಗೂ (ಚಕ್ರದ ಗೂಡಿನ ಒಳಹೊದಿಕೆ) ಬಳಿದು, ಒಣಗಿದ ಮೇಲೆ ಮನೆ ಸುತ್ತ ಒಂದು ರೌಂಡ್ ಓಡಿಸಿ. ಅಳಿಸಿಹೋದ ಜಾಗವೇ ಉಜ್ಜುವ ಜಾಗ. ಎರಡು, ನಾಲ್ಕೂ ಶಾಕ್‌ನ ರಾಡಿಗೆ ಒಂದೊಂದು ಕೇಬಲ್ ಟೈ ಬಿಗಿದು ಬಿಡಿ. ಅದು ಎಲ್ಲಿಗೆ ತಳ್ಳಿಸಿಕೊಂಡು ಹೋಗಿದೆ ನೋಡಿದರೆ ಶಾಕ್ ಎಷ್ಟು ಕುಗ್ಗಿತು ಗೊತ್ತಾಗುತ್ತದೆ. ಮೂರು, ಚಕ್ರದ ನಡುಮಧ್ಯದಿಂದ ನೇರ ಮೇಲೆ ಫೆಂಡರ್ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಮೋಸ ಮಾಡುತ್ತದೆ. ಜಾಕ್ ಇಳಿಸಿದ ತಕ್ಷಣವೂ ಬೇಡ, ಗಾಡಿ ಹತ್ತಡಿ ಹಿಂದೆ ಮುಂದೆ ಉರುಳಿಸಿ, ಕೂತ ಮೇಲೆ. ಡ್ರೈವರ್ ಸೀಟಿನಲ್ಲಿ ನಿಮ್ಮಷ್ಟು ತೂಕ ಇರಬೇಕು. ನಾಲ್ಕು, ಅಲೈನ್‌ಮೆಂಟ್ ಶೀಟ್.

ಮತ್ತೆ ಪ್ರಶ್ನೆ

ಸರ್, ಸೋನಾ ಮಸೂರಿಯ 20 ಪೌಂಡ್ ಚೀಲ ಎಂಟು ಡ್ರೈವರ್ ಸೀಟಿನಲ್ಲಿ ಇಟ್ಟು ಅಳೆದೆ. ಇಂಡಿಯನ್ ಸ್ಟೋರಿನವನು ಮದುವೆಯಾ ಅಂತ ಕೇಳಿದ.

ಮುಂದೆ ಎರಡೂ ಕಡೆ 348. ಹಿಂದೆ ಎಡಕ್ಕೆ 346, ಬಲಕ್ಕೆ 339! ಕ್ಯಾಂಬರ್ ಮುಂದೆ ಎಡ -0.6, ಬಲ -0.4, ಹಿಂದೆ -2.1, -2.3. ರಂಗೋಲಿ ಮುಂದೆ ಅಳಿಸಿದ್ದು ಚಕ್ರದ ಹಿಂಭಾಗದ ಲೈನರ್‌ನಲ್ಲಿ, ಅಂಗೈ ಅಗಲ. ಹಿಂದೆ ಬಲಗಡೆ ಫೆಂಡರ್‌ನ ಮಡಚಿದ ಅಂಚಿನಲ್ಲಿ. ಟೈರಿನ ಹೊರ ಭುಜದ ಮೇಲೆ ದಾರದಂಥ ಗೆರೆ ಬಿದ್ದಿದೆ. ಹಿಂದಿನ ಕೇಬಲ್ ಟೈ ಬಂಪ್ ಸ್ಟಾಪಿಗೆ (ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ರಬ್ಬರ್) ಅಂಟಿಕೊಂಡಿದೆ. ಬಂಪ್ ಸ್ಟಾಪ್ ಅರ್ಧ ಕತ್ತರಿಸಿದ ಹಾಗಿದೆ.

ಉತ್ತರ

ನೋಡಿ, ಈಗ ಗಾಡಿಯೇ ಮಾತಾಡಿತು. ಟೈರಿನ ಗೆರೆಯಲ್ಲಿ ಉಗುರು ಓಡಿಸಿ. ಒಳಗಿನ ದಾರ ಕಾಣಿಸಿದರೆ ಆ ಟೈರ್ ಬಿಸಾಡಿ, ಚರ್ಚೆ ಬೇಡ. ಬರೀ ಮೇಲಿನ ರಬ್ಬರ್ ಹೋಗಿದ್ದರೆ ಓಡಿಸಬಹುದು.

ಹಿಂದಿನದರಿಂದ ಶುರು ಮಾಡೋಣ. ಬಲಕ್ಕೆ 7 ಮಿ.ಮೀ. ಕಡಿಮೆ ಇರುವುದು ಹಾಕಿದವರ ಅವಸರ. ಎರಡೂ ಕಡೆ 352ಕ್ಕೆ ತನ್ನಿ. ನಿಮ್ಮ ಫೋಟೋದಲ್ಲಿ ಕೆಳಗಿನ ಬ್ರಾಕೆಟ್‌ಗೆ ಬೇರೆ ಥ್ರೆಡ್ ಕಾಣಿಸುತ್ತದೆ. ಎತ್ತರವನ್ನು ಅದರಲ್ಲೇ ಮಾಡಬೇಕು. ಚೆಕ್ ನಟ್ ಸಡಿಲಿಸಿ, ಶಾಕ್‌ನ ಕೆಳ ಬೋಲ್ಟ್ ಬಿಚ್ಚಿ, ಬ್ರಾಕೆಟ್ ತಿರುಗಿಸಿ. ಸ್ಪ್ರಿಂಗ್ ಕೂತಿರುವ ರಿಂಗ್ ಮುಟ್ಟಬೇಡಿ, ಅದು ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಬಿಗಿ. ಬ್ರಾಕೆಟ್‌ನೊಳಗೆ ಕನಿಷ್ಠ ಎಷ್ಟು ಥ್ರೆಡ್ ಉಳಿಯಬೇಕು ಅಂತ ಕಾಯಿಲೋವರ್ ಜೊತೆ ಬಂದ ಹಾಳೆಯಲ್ಲಿ ಇರುತ್ತದೆ. ಅದನ್ನು ಮೀರಬೇಡಿ.

ಈ ಗಾಡಿಯಲ್ಲಿ ಹಿಂದಿನ ಶಾಕ್ ಚಕ್ರಕ್ಕಿಂತ ಒಳಗೆ ಕೂತಿದೆ. ಶಾಕ್ 1 ಮಿ.ಮೀ. ಉದ್ದವಾದರೆ ಗಾಡಿ 1ಕ್ಕಿಂತ ಜಾಸ್ತಿ ಏಳುತ್ತದೆ. ಹಾಗಾಗಿ ಬಲಗಡೆ 13 ಬೇಕು ಅಂತ 13 ತಿರುಗಿಸಬೇಡಿ, 8ಕ್ಕೆ ನಿಲ್ಲಿಸಿ, ಇಳಿಸಿ, ಉರುಳಿಸಿ, ಅಳೆಯಿರಿ. ಒಂದು ಮೂಲೆ ಎತ್ತಿದರೆ ಎದುರು ಮೂಲೆಯ ಲೆಕ್ಕವೂ ಬದಲಾಗುತ್ತದೆ. ಪ್ರತಿ ಸಲ ನಾಲ್ಕೂ ಅಳೆಯಬೇಕು. ಬೇಜಾರಿನ ಕೆಲಸ, ಗೊತ್ತು.

ಆಮೇಲೆ ಬಂಪ್ ಸ್ಟಾಪ್. ಅದನ್ನು ಕತ್ತರಿಸಿದ್ದು ನನಗೆ ಕೋಪ ತರಿಸಿತು. ಟೈರ್ ಮತ್ತು ಫೆಂಡರ್ ನಡುವೆ ಕೊನೆಯ ಕಾವಲು ಆ ಹಳದಿ ರಬ್ಬರ್ ತುಂಡೇ. ಹೊಸದು ಹಾಕಿ. ನಂತರ ಈ ಪರೀಕ್ಷೆ ಮಾಡಿ: ಗಾಡಿಯ ಹಿಂಭಾಗ ಸ್ಟ್ಯಾಂಡಿನ ಮೇಲೆ, ಶಾಕ್ ಹೊರತೆಗೆದು, ಸ್ಪ್ರಿಂಗ್ ಬಿಚ್ಚಿ, ಸ್ಪ್ರಿಂಗ್ ಇಲ್ಲದೆ ಶಾಕ್ ಮಾತ್ರ ವಾಪಸ್ ಹಾಕಿ. ಆಂಟಿ ರೋಲ್ ಬಾರ್‌ನ (ತಿರುವಿನಲ್ಲಿ ಗಾಡಿ ವಾಲದಂತೆ ಎರಡೂ ಕಡೆ ಜೋಡಿಸುವ ಸರಳು) ಲಿಂಕ್ ಕಳಚಿ. ಚಕ್ರ ಹಾಕಿ, ಕೆಳಗಿನ ಆರ್ಮ್‌ಗೆ (ಚಕ್ರವನ್ನು ಗಾಡಿಗೆ ಜೋಡಿಸುವ ತೋಳು) ಜಾಕ್ ಕೊಟ್ಟು ನಿಧಾನ ಎತ್ತಿ. ಬಂಪ್ ಸ್ಟಾಪ್ ಪೂರ್ತಿ ಕುಗ್ಗುವಷ್ಟರಲ್ಲಿ ಟೈರ್ ಎಲ್ಲಿ ತಾಗುತ್ತದೆ ಕಾಣುತ್ತದೆ. ತಾಗಿದಾಗ ಇನ್ನೂ 6 ಮಿ.ಮೀ. ಕುಗ್ಗಲು ಬಾಕಿ ಇದ್ದರೆ, ರಾಡಿನಲ್ಲಿ ಬಂಪ್ ಸ್ಟಾಪ್ ಮೇಲೆ ಒಂದು 10 ಮಿ.ಮೀ. ಪ್ಯಾಕರ್ (ಜಾಗ ತುಂಬುವ ಬಿಲ್ಲೆ) ಕೂರಿಸಿ. ಹಾಗಂತ 25, 30 ತುಂಬಬೇಡಿ. ತಿರುವಿನಲ್ಲಿ ಹಿಂದಿನ ಶಾಕ್ ಬೇಗ ಬಂಪ್ ಸ್ಟಾಪ್ ಮೇಲೆ ಕೂತರೆ ಹಿಂಭಾಗ ಒಮ್ಮೆಲೇ ಗಟ್ಟಿಯಾಗುತ್ತದೆ. ಹಿಂದಿನ ಚಕ್ರ ಎಳೆಯುವ ಗಾಡಿ, ಮಳೆಯಲ್ಲಿ ಬಾಲ ಬೀಸುತ್ತದೆ.

ಹಿಂದೆ ಕ್ಯಾಂಬರ್ ಈಗಿರುವುದೇ ಸಾಕು. ಅಲ್ಲಿ ಎರಡು ಆರ್ಮ್‌ನ ಜೋಡಣೆ ಇರುವುದರಿಂದ ತಗ್ಗಿಸಿದರೆ ಚಕ್ರ ತಾನಾಗಿ ಒಳಗೆ ವಾಲುತ್ತದೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕೇ ಮೇಲಿನ ಆರ್ಮ್‌ನ ಕೆಲಸವನ್ನೂ ಮಾಡುವ ಜೋಡಣೆ), ಅಲ್ಲಿ ಆ ಭಾಗ್ಯ ಇಲ್ಲ. ಅದಕ್ಕೇ ನಿಮ್ಮ ಶೀಟಿನಲ್ಲಿ ಮುಂದೆ ಅರ್ಧ ಡಿಗ್ರಿ, ಹಿಂದೆ ಎರಡು. ಮುಂದೆ -1.8ಕ್ಕೆ ತನ್ನಿ, ಎರಡೂ ಕಡೆ ಸಮ. ಒಂದು ಡಿಗ್ರಿಗೆ ಟೈರಿನ ತಲೆ ಸುಮಾರು 5ರಿಂದ 6 ಮಿ.ಮೀ. ಒಳಗೆ ಬರುತ್ತದೆ.

ಆದರೆ ಎಲ್ಲಿಂದ ಕೊಡುತ್ತೀರಿ ಅನ್ನುವುದು ಮುಖ್ಯ. ಸ್ಟ್ರಟ್ ಮತ್ತು ನಕಲ್ (ಚಕ್ರದ ಹಬ್ ಹಿಡಿದಿರುವ ತುಂಡು) ಸೇರುವ ಬೋಲ್ಟಿನಲ್ಲಿ ಕೊಟ್ಟರೆ ಚಕ್ರ ಸ್ಟ್ರಟ್ ಕಡೆಗೆ ವಾಲುತ್ತದೆ. ನಿಮ್ಮ ಚಕ್ರ ಮೊದಲೇ 15 ಮಿ.ಮೀ. ಒಳಗೆ ಬಂದಿದೆ, ಟೈರ್ ಹೋಗಿ ಕಾಯಿಲೋವರ್‌ಗೇ ಉಜ್ಜಬಹುದು. ಮೇಲಿನ ಕ್ಯಾಂಬರ್ ಪ್ಲೇಟಿನಲ್ಲಿ ಕೊಟ್ಟರೆ ಸ್ಟ್ರಟ್ಟೂ ಚಕ್ರವೂ ಒಟ್ಟಿಗೆ ವಾಲುತ್ತವೆ, ನಡುವಿನ ಸಂದು ಹಾಗೇ ಉಳಿಯುತ್ತದೆ. ನಿಮ್ಮದಕ್ಕೆ ಪ್ಲೇಟ್ ಇದೆ, ಮೊದಲು ಅದನ್ನೇ ಬಳಸಿ.

ರಿವರ್ಸ್ ತೆಗೆಯುವಾಗ ಲೈನರ್‌ಗೆ ಉಜ್ಜುವುದಕ್ಕೆ ಕ್ಯಾಂಬರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅಲ್ಲಿ ಟೈರ್ ದೊಡ್ಡದು, ಅಷ್ಟೇ. ಹೀಟ್ ಗನ್ ಹಿಡಿದು ಪ್ಲಾಸ್ಟಿಕ್ ಮೆತ್ತಗಾದಾಗ ದಪ್ಪ ಗ್ಲೌಸ್ ಹಾಕಿದ ಕೈಯಿಂದ ಹಿಂದಕ್ಕೆ ಒತ್ತಿ, ತಣ್ಣಗಾಗುವವರೆಗೆ ಹಿಡಿದುಕೊಳ್ಳಿ.

ಫೆಂಡರ್ ಅಂಚು ಮಡಚುವುದನ್ನು ಕೊನೆಗಿಡಿ. ಈ ಗಾಡಿಯ ಮುಂದಿನ ಫೆಂಡರ್ ಅಲ್ಯೂಮಿನಿಯಂ, ಕಬ್ಬಿಣದ ತಗಡಿನ ಹಾಗೆ ಬಗ್ಗುವುದಿಲ್ಲ. ಹಿಂದೆ ಬಣ್ಣ ಬಿಸಿ ಮಾಡದೆ ರೋಲರ್ ಒತ್ತಿದರೆ ಬಣ್ಣ ಬಿರುಕು ಬಿಟ್ಟು ತುಕ್ಕು ಶುರುವಾಗುತ್ತದೆ.

ಕೊನೆಗೆ, ರಬ್ಬರ್ ಬುಶ್ ಇರುವ ಆರ್ಮ್ ಬೋಲ್ಟ್ ಸಡಿಲಿಸಿದ್ದರೆ, ಗಾಡಿಯ ಭಾರ ಚಕ್ರದ ಮೇಲೆ ಬಿದ್ದಾಗಲೇ ಬಿಗಿಯಿರಿ. ಚಕ್ರ ನೇತಾಡುವಾಗ ಬಿಗಿದರೆ ಬುಶ್ ತಿರುಚಿಕೊಂಡು ಕೂರುತ್ತದೆ, ಎತ್ತರವೂ ಸುಳ್ಳು, ಬುಶ್ಶೂ ಹರಿಯುತ್ತದೆ. ವೀಲ್ ನಟ್ 120 ನ್ಯೂಟನ್ ಮೀಟರ್. ಎಲ್ಲ ಮುಗಿದ ಮೇಲೆ ಅಲೈನ್‌ಮೆಂಟ್. ಎತ್ತರ, ಕ್ಯಾಂಬರ್ ಯಾವುದು ಮುಟ್ಟಿದರೂ ಟೋ (ಚಕ್ರ ನೇರ ಮುಂದೆ ನೋಡುವ ಅಳತೆ) ಕೆಡುತ್ತದೆ.

ನಡುವೆ ಒಬ್ಬ ಸದಸ್ಯರು

ಇಷ್ಟೆಲ್ಲ ಯಾಕೆ ಗುರೂ? ಸ್ಪ್ರಿಂಗ್ ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕಿಸಿದರೆ ಮುಗೀತು ಅಲ್ವಾ? ನನ್ನ ಸೆಡಾನ್‌ಗೆ ಹಾಕಿಸಿದ್ದೇನೆ.

ಉತ್ತರ

ಬಫರ್ ಹಾಕಿದ ಜಾಗದಲ್ಲಿ ಸ್ಪ್ರಿಂಗ್ ಕೆಲಸ ಮಾಡುವುದಿಲ್ಲ, ಉಳಿದ ಸುತ್ತುಗಳ ಮೇಲೆ ಭಾರ ಬೀಳುತ್ತದೆ. ಕಾಯಿಲೋವರ್‌ನ ಸುತ್ತುಗಳ ನಡುವೆ ಮೊದಲೇ ಜಾಗ ಕಮ್ಮಿ. ನಾನಂತೂ ಹಾಕುವುದಿಲ್ಲ.

ಇನ್ನೊಂದು ಪ್ರಶ್ನೆ (ಹುಬ್ಬಳ್ಳಿಯಿಂದ)

ಅಣ್ಣಾ, ನಂದು ಪೋಲೋ. ದುಡ್ಡು ಉಳಿಸಲಿಕ್ಕೆ ಸ್ಪ್ರಿಂಗ್ ಒಂದೂವರೆ ಸುತ್ತು ಕಟ್ ಮಾಡಿಸಿದೆ. ನಾಲ್ಕು ಜನ ಕೂತರೆ ಹಿಂದೆ ಉಜ್ಜುತ್ತದೆ. ನಂದಕ್ಕೂ ಕ್ಯಾಂಬರ್ ಕೊಡಬಹುದಾ?

ಉತ್ತರ

ನಿಮ್ಮ ಗಾಡಿಯ ಹಿಂದೆ ಟಾರ್ಶನ್ ಬೀಮ್ (ಎರಡೂ ಚಕ್ರ ಸೇರಿಸುವ ಒಂದೇ ತೊಲೆ), ತಮ್ಮಾ. ಕ್ಯಾಂಬರ್ ತಿರುಗಿಸಲು ಅಲ್ಲಿ ಬೋಲ್ಟೇ ಇಲ್ಲ. ಕತ್ತರಿಸಿದ ಸ್ಪ್ರಿಂಗಿನ ತುದಿ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ. ಹಂಪ್ ಹಾರಿದಾಗ ಚಕ್ರ ಕೆಳಗೆ ನೇತಾಡಿದರೆ ಸ್ಪ್ರಿಂಗ್ ಜಾಗ ಬಿಟ್ಟು ಜಾರಬಹುದು. ನಾಳೆಯೇ ಒರಿಜಿನಲ್ ಸ್ಪ್ರಿಂಗ್ ಹಾಕಿಸಿ.

ಹಂಪ್‌ಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದ ಅಳತೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ನಮ್ಮ ಓಣಿಯ ಹಂಪ್ ಕಟ್ಟಿದವರು ಟೇಪ್ ಹಿಡಿದಿದ್ದನ್ನು ನಾನು ನೋಡಿಲ್ಲ. ಮತ್ತೆ, ಆಸ್ಟಿನ್ ಕಾನೂನು ನಿಮಗಿಲ್ಲ. ಇಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ಅಂಥದ್ದನ್ನೇ ಹುಡುಕುತ್ತಾರೆ.

ಆಸ್ಟಿನ್‌ನಿಂದ ಮತ್ತೆ, ಎರಡು ವಾರದ ನಂತರ

ಸರ್, ಹಿಂದೆ ಎರಡೂ ಕಡೆ 352. ಬಲಕ್ಕೆ ಮೂರು ಸಲ ಬಿಚ್ಚಿ ಹಾಕಬೇಕಾಯಿತು. ಹೊಸ ಬಂಪ್ ಸ್ಟಾಪ್, 10ರ ಪ್ಯಾಕರ್. ಮುಂದೆ -1.8, -1.8. ಅದೇ ಸೂಟ್‌ಕೇಸ್, ಅದೇ ರಸ್ತೆ, ಅಮ್ಮನನ್ನು ಕೂರಿಸಿಕೊಂಡೇ ಹೋದೆ. ಶಬ್ದ ಇಲ್ಲ. ಭಾನುವಾರ ರ‍್ಯಾಂಚ್ ರೋಡ್ 337ರ ತಿರುವುಗಳಿಗೂ ಒಬ್ಬನೇ ಹೋಗಿ ಬಂದೆ, ರಂಗೋಲಿ ಹಾಗೇ ಇದೆ. ಎಡಕ್ಕೆ ಪೂರ್ತಿ ತಿರುಗಿಸಿದರೆ ಮಾತ್ರ ಲೈನರ್ ಇನ್ನೂ ಚೂರು ತಾಗುತ್ತದೆ.

ಉತ್ತರ

ಅದು ಆ ಟೈರ್ ಇರುವ ತನಕ ಇರುತ್ತದೆ. ಸವೆದ ಮೇಲೆ 245/35 ಹಾಕಿಸಿ. ನಟ್ ಮತ್ತೊಮ್ಮೆ ಟಾರ್ಕ್ ಮಾಡಿದಿರಾ? ನೂರು ಕಿಲೋಮೀಟರ್ ಆದ ಮೇಲೆ ಮಾಡಬೇಕು. ಮತ್ತೆ ಆ ಎಂಟು ಚೀಲ ಅಕ್ಕಿ ಏನು ಮಾಡಿದಿರಿ?