ಸಹಾಯ ಬೇಕು: ಬ್ಲಾಗಿನ ಹಳೇ ಲಿಂಕ್ ಬದಲಿಸಬೇಕಾ?

ಗೂಗಲ್‌ನ ಬ್ಲಾಗರ್‌ನಲ್ಲಿ ಮಲೆನಾಡಿನ ಅಡುಗೆ ಬಗ್ಗೆ ಬ್ಲಾಗ್ ಬರೆಯುತ್ತೇನೆ. ದುಡ್ಡಿಗಲ್ಲ. ಬರೆಯೋಕೆ ಕೂತ ಮೇಲೆ ಅಮ್ಮನ ಕಣ್ಣಳತೆಯೆಲ್ಲ ಲೋಟ, ಚಮಚದ ಲೆಕ್ಕಕ್ಕೆ ಬಂತು, ಪತ್ರೊಡೆಗೆ ಹುಣಸೆ ಯಾಕೆ ಜಾಸ್ತಿ (ಕೆಸುವಿನ ತುರಿಕೆಗೆ!) ಅಂತ ನನಗೂ ಆಗಲೇ ಗೊತ್ತಾಗಿದ್ದು. ಆದರೆ ಓದೋರು ನೆಂಟರು ಮಾತ್ರ, ಅದೂ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದರೆ. ಗೂಗಲ್‌ನಿಂದ ಯಾರೂ ಬರುತ್ತಿಲ್ಲ. ನಮ್ಮ ಪುಟಗಳನ್ನು ಗೂಗಲ್‌ಗೆ ತಿಳಿಸೋ ಸರ್ಚ್ ಕನ್ಸೋಲ್‌ಗೆ ಸೈಟ್‌ಮ್ಯಾಪ್ (ಬ್ಲಾಗಿನ ಪುಟಗಳ ಪಟ್ಟಿ) ಕೊಟ್ಟಾಯಿತು. ಶೀರ್ಷಿಕೆ ಕನ್ನಡದಲ್ಲಿದ್ದರೆ ಬ್ಲಾಗರ್ ಲಿಂಕಿನಲ್ಲಿ ಸುಮ್ನೆ ‘ಬ್ಲಾಗ್-ಪೋಸ್ಟ್’ ಅಂತ ಹಾಕಿಬಿಡುತ್ತದೆ, ಯಾವುದು ಪತ್ರೊಡೆ ಯಾವುದು ತಂಬುಳಿ ಅಂತ ನನಗೇ ತಿಳಿಯಲ್ಲ. ಹೊಸ ಬರಹಗಳಿಗೆ ನಾನೇ ಇಂಗ್ಲಿಷ್ ಅಕ್ಷರದಲ್ಲಿ ಲಿಂಕ್ ಕೊಡುತ್ತಿದ್ದೇನೆ. ಗೊಂದಲ ಇರೋದು ಹಳೆಯವುಗಳದ್ದು. ಅವುಗಳ ಲಿಂಕನ್ನೂ ಬದಲಿಸಿ ರೀಡೈರೆಕ್ಟ್ (ಹಳೇ ಲಿಂಕ್ ಒತ್ತಿದವರು ತಾನಾಗೇ ಹೊಸದಕ್ಕೆ ಹೋಗೋ ಹಾಗೆ) ಹಾಕಿದರೆ ಓದುಗರು ಸಿಗೋದಕ್ಕೆ ನಿಜಕ್ಕೂ ಉಪಯೋಗ ಇದೆಯಾ, ಅಥವಾ ಹಾಗೇ ಬಿಡಲಾ? ಮಾಡಿ ನೋಡಿದವರು ಹೇಳಿ.