ಸಹಾಯ ಬೇಕು: ಗ್ಲುಕೋಮೀಟರ್ ಪರೀಕ್ಷೆಗೆ ಬಳಕೆದಾರರನ್ನು ಕೂರಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಸಕ್ಕರೆ ನೋಡಿಕೊಳ್ಳುವ ಗ್ಲುಕೋಮೀಟರ್ ಒಂದರ ವಿನ್ಯಾಸದಲ್ಲಿ ಕೆಲಸ ಮಾಡ್ತಿದ್ದೇನೆ. ಹೋದ ವಾರ ಅದರ ಮಾದರಿಯನ್ನು ವಯಸ್ಸಾದ ಒಬ್ಬರ ಕೈಗೆ ಕೊಟ್ಟೆವು. ಬೆರಳು ಜೋಮು ಹಿಡಿದಿದ್ದರಿಂದ ಡಬ್ಬಿಯಿಂದ ರಕ್ತದ ಹನಿ ತಾಗಿಸುವ ಸ್ಟ್ರಿಪ್ ಒಂದೇ ಒಂದು ತೆಗೆಯೋಕೆ ಆಗದೆ ನಾಲ್ಕೈದು ಚೆಲ್ಲಿಹೋದವು. ಅದಕ್ಕಿಂತ ಭಯ ಆಗಿದ್ದು ಇನ್ನೊಂದಕ್ಕೆ: ಸಕ್ಕರೆ ತೀರಾ ಇಳಿದಾಗ ಪರದೆ ಮೇಲೆ ಬರುವ ಇಂಗ್ಲಿಷಿನ ‘ಎಲ್‌ಒ’ (LO, ಅಂದರೆ ಕಡಿಮೆ) ಅಕ್ಷರಗಳನ್ನು ತೋರಿಸಿದರೆ, ಅವರು ‘10’ ಅಂತ ಓದಿದರು! ತಿಂಗಳುಗಟ್ಟಲೆ ಅದೇ ಪರದೆ ನೋಡಿದ ನಮಗ್ಯಾರಿಗೂ ಹಾಗೆ ಕಂಡಿರಲೇ ಇಲ್ಲ.

ವೈದ್ಯಕೀಯ ಸಾಧನಗಳನ್ನು ಜನ ಸುರಕ್ಷಿತವಾಗಿ ಬಳಸುವಂತೆ ವಿನ್ಯಾಸ ಮಾಡೋದರ ಬಗ್ಗೆ ಇರುವ ಐಇಸಿ 62366-1 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಓದಿದ್ದೇನೆ. ಅಂತಿಮ ಪರೀಕ್ಷೆಗೆ ಪ್ರತಿ ಬಳಕೆದಾರ ಗುಂಪಿನಿಂದ ಕನಿಷ್ಠ 15 ಜನ ಇರಲಿ ಅಂತ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2016ರ ಮಾರ್ಗಸೂಚಿಯಲ್ಲಿ ಹೇಳಿದೆ. ದೃಷ್ಟಿ ಮಂದವಾದವರು, ಕೈ ನಡುಗುವವರು, ಅವರಿಗೆ ನೋಡಿಕೊಡುವ ಮನೆಯವರು, ಇವರನ್ನೆಲ್ಲ ಬೇರೆ ಬೇರೆ ಗುಂಪು ಅಂತ ಎಣಿಸಬೇಕಾ?

ಇನ್ನೊಂದು ಕಷ್ಟ. ತಪ್ಪಾದ ಕೂಡಲೇ “ನಂಗೇ ಬರಲ್ಲ ಬಿಡಿ” ಅಂತ ಅವರು ಕುಗ್ಗಿಹೋಗ್ತಾರೆ. ತಪ್ಪು ಸಾಧನದ್ದು, ಅವರದ್ದಲ್ಲ. ಆದರೆ ನಡುವೆ ಬಾಯಿ ಹಾಕಿದರೆ ಪರೀಕ್ಷೆಯೇ ಕೆಡುತ್ತೆ. ಇಂಥ ಪರೀಕ್ಷೆ ನಡೆಸಿದವರು, ಅದರಲ್ಲಿ ಕೂತವರು ಇದ್ದರೆ, ಶುರುವಿನಲ್ಲಿ ಏನು ಹೇಳಿ ಕೂರಿಸ್ತೀರಿ ಅಂತ ದಯವಿಟ್ಟು ತಿಳಿಸಿ.