ಅಪ್‌ಡೇಟ್: ಪ್ರಿಂಟರ್‌ನ ಬಿಳಿ ಗೆರೆಗಳು ಹೋದವು

ಮನೆಯ ಇಂಕ್ ಟ್ಯಾಂಕ್ ಪ್ರಿಂಟರ್‌ನಲ್ಲಿ ಅಕ್ಷರಗಳ ನಡುವೆ ಬಿಳಿ ಗೆರೆ ಬೀಳುತ್ತಿದೆ, ಮಜೆಂಟಾ ಬಣ್ಣ ಮಂಕಾಗಿದೆ ಎಂದು ಕಳೆದ ವಾರ ಕೇಳಿದ್ದೆ. ಈಗ ಮುದ್ರಣ ಮೊದಲಿನಷ್ಟೇ ಚೊಕ್ಕಟವಾಗಿದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಮತ್ತೆ ಮತ್ತೆ ಹೆಡ್ (ಕಾಗದದ ಮೇಲೆ ಶಾಯಿ ಚಿಮ್ಮಿಸುವ ಭಾಗ) ಕ್ಲೀನಿಂಗ್ ಮಾಡಿಸಿದ್ದರಿಂದ ಟ್ಯಾಂಕಿನ ಶಾಯಿ ಇಳಿಯಿತೇ ಹೊರತು ಗೆರೆ ಹೋಗಲಿಲ್ಲ. ಕಾಗದ ಬದಲಿಸಿದ್ದೂ ವ್ಯರ್ಥ. ಫಲ ಕೊಟ್ಟಿದ್ದು, ಹೆಡ್ ಬಂದು ಕೂರುವ ಬಲತುದಿಯ ರಬ್ಬರ್ ಕ್ಯಾಪ್ ಪರೀಕ್ಷಿಸಿ ಎಂದವರ ಸಲಹೆ. ಹೆಡ್ ನಡುವಿಗೆ ಸರಿದಾಗ ಪ್ಲಗ್ ತೆಗೆದು, ಟಾರ್ಚ್ ಬಿಟ್ಟು ನೋಡಿದೆ. ಕ್ಯಾಪಿನ ಅಂಚಿನಲ್ಲಿ ಶಾಯಿ ಗಸಿಯಂತೆ ಗಟ್ಟಿಯಾಗಿತ್ತು, ಅದಕ್ಕೆ ಒಂದೆಳೆ ಕೂದಲು ಅಂಟಿತ್ತು. ಅಂಚು ಬಿಗಿಯಾಗಿ ಕೂರದಿದ್ದರೆ, ಕ್ಲೀನಿಂಗ್ ವೇಳೆ ಹೆಡ್ಡಿನಿಂದ ಶಾಯಿ ಹೀರಬೇಕಾದ ಪಂಪು ಗಾಳಿಯನ್ನೇ ಎಳೆಯುತ್ತದೆ, ಶಾಯಿಯನ್ನಲ್ಲ. ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿದ, ನಾರು ಬಿಡದ ಬಟ್ಟೆಯಿಂದ ಒರೆಸಿ, ಒಳಗಿನ ಸ್ಪಂಜಿಗೆ ಕೆಲವು ಹನಿ ಹಾಕಿ, ಹೆಡ್ಡನ್ನು ಸ್ವಸ್ಥಾನಕ್ಕೆ ಕಳಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಒಂದೇ ಕ್ಲೀನಿಂಗ್‌ಗೆ ನಾಝಲ್ ಚೆಕ್ಕಿನ (ಶಾಯಿ ಹೊರಬರುವ ಸಣ್ಣ ರಂಧ್ರಗಳ ಪರೀಕ್ಷಾ ಮುದ್ರಣದ) ಗೆರೆಗಳೆಲ್ಲ ತುಂಡಾಗದೆ ಬಂದವು!

ನನಗೆ ಹೊಸದಾಗಿ ತಿಳಿದದ್ದು: ಪ್ರಿಂಟರ್‌ನ ಬಟನ್‌ನಿಂದಲೇ ಆರಿಸಬೇಕು. ಕೆಲಸದ ನಡುವೆ ಗೋಡೆಯ ಸ್ವಿಚ್ ಆರಿಸಿದರೆ ಹೆಡ್ ಕ್ಯಾಪ್ ಇಲ್ಲದೆ ನಿಂತು, ನಾಝಲ್‌ಗಳಲ್ಲಿ ಶಾಯಿ ಒಣಗುತ್ತದೆ. ಆಗಾಗ ಕರೆಂಟ್ ಹೋಗುವ ಊರಿನವರು, ಕರೆಂಟ್ ಬಂದ ಕೂಡಲೇ ಪ್ರಿಂಟರ್ ಆನ್ ಮಾಡಿ ಬಟನ್‌ನಿಂದ ಆರಿಸಿಬಿಡಿ.